ತನ್ನದಲ್ಲದ ಬಳ್ಳಿಯ ಆರೈಕೆ

ಮನುಷ್ಯನು ತನ್ನದೆಂದು ತಿಳಿದುದನ್ನು ಪ್ರೀತಿಸುವುದು ಸಹಜ. ಮನೆಯಂಗಳದ ಮಲ್ಲಿಗೆಗೆ ನೀರೆರೆಯಲು ಯಾರಿಗೂ ಬೋಧೆ ಬೇಕಾಗಿಲ್ಲ. ಆ ಹೂವು ಬೆಳಗಿನ ಲಿಂಗಪೂಜೆಗೆ ಒದಗುತ್ತದೆ, ಮನೆಯ ಹೆಣ್ಣುಮಕ್ಕಳ ಮುಡಿಗೆ ಸಲ್ಲುತ್ತದೆ, ಮಿಕ್ಕರೆ ನೆರೆಮನೆಗೂ ಹೋಗುತ್ತದೆ. ಎರೆದ ನೀರು ಹೂವಾಗಿ ಮರಳಿ ಬರುವುದರಿಂದ ಈ ಆರೈಕೆಯಲ್ಲಿ ಪ್ರೀತಿಯೆಷ್ಟು, ಕೊಳುಕೊಡೆಯ ಲೆಕ್ಕವೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ. ವಿಂಗಡಿಸಬೇಕಾದ ಅಗತ್ಯವೂ ಅಂಗಳದೊಳಗೆ ಒದಗುವುದಿಲ್ಲ.

ಆರೈಕೆಯ ನಿಜವಾದ ಪರೀಕ್ಷೆ ನಡೆಯುವುದು ಅಂಗಳದ ಬೇಲಿಯಾಚೆ. ಯಾರ ಹೆಸರಿನಲ್ಲಿಯೂ ಇಲ್ಲದ ನೆಲದಲ್ಲಿ, ಯಾರೂ ನೆಡದೆ ತಾನಾಗಿ ಬೆಳೆದ, ಪೂಜೆಗೂ ಬಾರದ ಮುಡಿಗೂ ಏರದ ಒಂದು ಕಾಡುಹೂವಿಗೆ ಗೃಹಸ್ಥನು ಸಲ್ಲಿಸಬೇಕಾದುದು ಏನಾದರೂ ಉಂಟೆ? ಉಂಟಾದರೆ ಅದು ಯಾವ ಬಗೆಯದು? ಅಂಗಳದ ಮಲ್ಲಿಗೆಗೆ ಸಲ್ಲಿಸುವಂಥದೇ, ಬೇರೆಯೇ? ಮೇಲ್ನೋಟಕ್ಕೆ ಇದು ಚಿಕ್ಕ ಪ್ರಶ್ನೆ. ಆದರೆ ದಯೆ, ನಿರ್ಮೋಹ, ನಿರಹಂಕಾರ ಎಂಬ ದೊಡ್ಡ ಮಾತುಗಳು ಬಾಯಲ್ಲಿ ಮಾತ್ರ ಇವೆಯೋ ನಡೆಯಲ್ಲಿಯೂ ಇವೆಯೋ ಎಂಬುದನ್ನು ಇಂತಹ ಚಿಕ್ಕ ಪ್ರಶ್ನೆಗಳೇ ತೋರಿಸಿಕೊಡುತ್ತವೆ. ಇದನ್ನು ಬರಿಯ ತತ್ತ್ವವಾಗಿ ಚರ್ಚಿಸುವುದಕ್ಕಿಂತ ಒಂದು ಗಿಡವನ್ನು ಕಣ್ಣೆದುರಿಗೆ ಇರಿಸಿಕೊಂಡು ನೋಡುವುದು ಮೇಲು.

ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋದ ಘಟ್ಟದ ಮೇಲಿನ ಭಕ್ತರು ಕಡಲ ದಂಡೆಯಲ್ಲಿ ಈ ಬಳ್ಳಿಯನ್ನು ಕಂಡಿರಬಹುದು. ಭರತದ ನೀರು ಮುಟ್ಟುವ ಗೆರೆಗಿಂತ ಸ್ವಲ್ಪ ಮೇಲೆ, ಒಣ ಮರಳಿನ ಮೇಲೆ ಹಸುರು ಹಚ್ಚಡದಂತೆ ಹರಡಿ, ನಡುನಡುವೆ ನಸುನೇರಳೆ ಬಣ್ಣದ, ಆಲಿಕೆಯಾಕಾರದ ಹೂಗಳನ್ನು ಬಿಟ್ಟಿರುತ್ತದೆ. ಇದಕ್ಕೆ ಅಡುಂಬು ಬಳ್ಳಿ ಎಂದು ಹೆಸರು. ಬಂಗಡ ಬಳ್ಳಿ ಎಂದೂ ಕರೆಯುವುದುಂಟು. ದಪ್ಪನಾದ, ನುಣುಪಾದ ಎಲೆಯ ತುದಿ ಎರಡಾಗಿ ಸೀಳಿದ್ದು, ನೋಡುವುದಕ್ಕೆ ಆಡಿನ ಗೊರಸಿನಂತೆ ಕಾಣುತ್ತದೆ. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಲಿನೇಯಸನು ೧೭೫೩ರಲ್ಲಿ ಈ ಬಳ್ಳಿಗೆ ಹೆಸರಿಟ್ಟಾಗ ಲ್ಯಾಟಿನ್ನಿನಲ್ಲಿ ಆಡಿನ ಪಾದ ಎಂಬರ್ಥದ ಮಾತನ್ನೇ ಆರಿಸಿಕೊಂಡನು. ಇಂದು ಶಾಸ್ತ್ರಗ್ರಂಥಗಳಲ್ಲಿ ಇದು ಐಪೊಮಿಯಾ ಪೆಸ್-ಕ್ಯಾಪ್ರೇ ಎನಿಸಿಕೊಂಡಿದೆ. ಗೆಣಸಿನ ಬಳ್ಳಿ ಇದರ ಹತ್ತಿರದ ಬಂಧು.

ಇದರ ಜೀವನಕ್ರಮ ಗಮನಾರ್ಹವಾದುದು. ಹೂವು ಮುಂಜಾನೆ ಅರಳುತ್ತದೆ, ಬಿಸಿಲೇರಿದಂತೆ ಬಾಡತೊಡಗುತ್ತದೆ. ಒಂದು ಹೂವಿಗೆ ಒಂದೇ ದಿನದ ಆಯುಷ್ಯ. ಕಿತ್ತರೆ ಕೈಯಲ್ಲಿಯೇ ಸೊರಗುವುದರಿಂದ ಮಾಲೆಗೆ ಬಾರದು, ಬುಟ್ಟಿಯಲ್ಲಿ ಉಳಿಯದು. ಕಾಂಡವಾದರೋ ಮರಳ ಮೇಲೆ ೩೦ ಅಡಿಗೂ ಮೀರಿ ಹರಿದು ಹೋಗುತ್ತದೆ, ಹೋಗುತ್ತ ಗೆಣ್ಣುಗೆಣ್ಣಿನಲ್ಲಿ ಬೇರೂರುತ್ತದೆ. ಹಗಲಿನಲ್ಲಿ ಕಾದ ಹೆಂಚಿನಂತಾಗುವ ಮರಳು, ಉಪ್ಪು ತುಂತುರನ್ನು ಹೊತ್ತು ಬೀಸುವ ಗಾಳಿ, ಹಿಡಿ ಗೊಬ್ಬರವೂ ಇಲ್ಲದ ನೆಲ—ಇವುಗಳ ನಡುವೆ ಇದು ಸುಖವಾಗಿ ಬಾಳುತ್ತದೆ. ಕಾಯಿಯೊಳಗೆ ಸಾಮಾನ್ಯವಾಗಿ ನಾಲ್ಕು ಬೀಜ. ಅವುಗಳ ಮೈಮೇಲೆ ಮೃದುವಾದ ಕಂದು ರೋಮ, ಅದರಡಿಯಲ್ಲಿ ನೀರು ಹೊಗದ ಗಟ್ಟಿ ಸಿಪ್ಪೆ. ಅಲೆಗೆ ಸಿಕ್ಕ ಬೀಜ ಮುಳುಗದೆ ತೇಲುತ್ತದೆ. ಬಹುಕಾಲ ಉಪ್ಪುನೀರಿನಲ್ಲಿದ್ದರೂ ಜೀವ ಕಳೆದುಕೊಳ್ಳುವುದಿಲ್ಲ. ಹೀಗೆ ತೇಲಿ ತೇಲಿ ಈ ಬಳ್ಳಿ ಉಷ್ಣವಲಯದ ಬಹುತೇಕ ಎಲ್ಲ ತೀರಗಳನ್ನೂ ತಲುಪಿದೆ. ಕನ್ನಡ ಕರಾವಳಿಯಲ್ಲಿ ಇದು ಯಾರೋ ತಂದು ನೆಟ್ಟ ಸಸ್ಯವಲ್ಲ, ಈ ನೆಲದ ಮೂಲನಿವಾಸಿ. ಆದರೂ ಈ ಊರು ತನ್ನದು, ಆ ಊರು ಪರರದು ಎಂಬ ಹಂಗು ಅದಕ್ಕಿಲ್ಲ.

ಈ ಬಳ್ಳಿ ಮಾಡುವ ಕೆಲಸವನ್ನು ಕಾಯಕವೆಂದು ಕರೆದರೆ ಅದು ಬರಿಯ ಅಲಂಕಾರದ ಮಾತಾಗಲಾರದು. ಗಾಳಿ ಕಡಲ ಕಡೆಯಿಂದ ಮರಳನ್ನು ಹೊತ್ತು ತರುತ್ತದೆ. ಬಯಲಾದ ದಂಡೆಯಲ್ಲಿ ಆ ಮರಳು ನಿಲ್ಲದೆ ತೋಟಕ್ಕೂ ಮನೆಗೂ ನುಗ್ಗುತ್ತದೆ. ಎಲೆ, ಕಾಂಡಗಳ ಹಂದರವಿದ್ದಲ್ಲಿ ಗಾಳಿಯ ವೇಗ ತಗ್ಗುತ್ತದೆ. ತಗ್ಗಿದ ಗಾಳಿ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ. ಬಿದ್ದ ಮರಳು ಬಳ್ಳಿಯನ್ನೇ ಹೂಳುತ್ತದೆ. ಹೂಳಿದ ಬಳ್ಳಿ ಸಾಯದೆ, ಹೂತ ಗೆಣ್ಣುಗಳಿಂದ ಹೊಸ ಬೇರು ಬಿಟ್ಟು, ತುದಿಯನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಮತ್ತೆ ಮರಳು ಬೀಳುತ್ತದೆ, ಮತ್ತೆ ಬಳ್ಳಿ ಏಳುತ್ತದೆ. ಹೀಗೆ ಹೂಳಿಸಿಕೊಳ್ಳುತ್ತ ಏಳುತ್ತ, ಮುಳ್ಳುತುದಿಯ ಕಡಲಹುಲ್ಲು ಮುಂತಾದ ಜೊತೆಗಾರರೊಡನೆ ಸೇರಿ ಇದು ಮರಳ ದಿಣ್ಣೆಯನ್ನು ಕಟ್ಟುತ್ತದೆ. ಮಳೆಗಾಲದ ದೊಡ್ಡ ಅಲೆ ಬಂದಾಗ ದಿಣ್ಣೆಯು ತನ್ನ ಮರಳನ್ನು ಕಡಲಿಗೆ ಒಪ್ಪಿಸಿ ಅಲೆಯ ಉಬ್ಬರವನ್ನು ತಗ್ಗಿಸುತ್ತದೆ. ಕಡಲು ಶಾಂತವಾದ ತಿಂಗಳುಗಳಲ್ಲಿ ಆ ಮರಳು ಮರಳಿ ದಂಡೆಗೆ ಬಂದು ಸೇರುತ್ತದೆ. ದಿಣ್ಣೆಯ ಹಿಂದಿರುವ ಸಿಹಿನೀರಿನ ಬಾವಿ, ತೆಂಗಿನ ತೋಟ, ಗುಡಿಸಲುಗಳು ಈ ಕೊಡುಕೊಳ್ಳುವಿಕೆಯ ಆಶ್ರಯದಲ್ಲಿ ಬದುಕುತ್ತವೆ. ಎಲೆಯ ತೊಟ್ಟಿನಲ್ಲಿ ಬಳ್ಳಿ ತುಸು ಸಿಹಿರಸವನ್ನು ಒಸರಿಸಿ ಇರುವೆಗಳಿಗೂ ಉಣಬಡಿಸುತ್ತದೆ. ಉಂಡ ಇರುವೆಗಳು ಎಲೆ ತಿನ್ನುವ ಹುಳುಗಳನ್ನು ಓಡಿಸುತ್ತವೆ. ದುಂಬಿಗಳಿಗೆ ಮುಂಜಾನೆಯ ಮಕರಂದ ದೊರೆಯುತ್ತದೆ. ಇಷ್ಟೆಲ್ಲ ನಡೆಯುವುದು ಯಾರೊಬ್ಬರೂ ಕೃತಜ್ಞತೆ ಹೇಳದ ಒಂದು ದಂಡೆಯಲ್ಲಿ.

ಕೃತಜ್ಞತೆಯ ಬದಲು ಇದಕ್ಕೆ ದೊರೆಯುವುದು ಬಹುಮಟ್ಟಿಗೆ ತಿರಸ್ಕಾರ. ದಂಡೆಯನ್ನು ಚೊಕ್ಕಟ ಮಾಡುತ್ತೇವೆಂದು ಹೊರಟವರು ಪ್ಲಾಸ್ಟಿಕ್ಕಿನ ಜೊತೆಗೆ ಬಳ್ಳಿಯನ್ನೂ ಕಸವೆಂದು ಎಳೆದು ಹಾಕುತ್ತಾರೆ. ವಿಹಾರಕ್ಕೆ ಬಂದವರ ವಾಹನಗಳು ದಿಣ್ಣೆಯ ಮೇಲೆ ಹರಿದಾಡುತ್ತವೆ. ಮರಳಿಗೆ ಬೆಲೆ ಬಂದಂತೆಲ್ಲ ದಿಣ್ಣೆಯೇ ಲಾರಿ ಏರಿ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರವಾರದ ಕಡೆಯಲ್ಲಿ ನೆಡತೊಡಗಿದ ಗಾಳಿಮರ ಇಂದು ಉದ್ದಕ್ಕೂ ಕಾಣಸಿಗುತ್ತದೆ. ಸೌದೆಗೂ ಗಾಳಿತಡೆಗೂ ಅದರಿಂದ ಉಪಕಾರವಾಗಿದೆ ಎಂಬುದು ನಿಜ; ಆದರೆ ದಟ್ಟವಾಗಿ ನೆಟ್ಟಲ್ಲಿ ಅದರ ನೆರಳೂ ಉದುರಿದ ಕಡ್ಡಿಗಳ ಹಾಸೂ ಬಿಸಿಲನ್ನೇ ನಂಬಿದ ಈ ಬಳ್ಳಿಗೆ ಎಡೆ ಕೊಡುವುದಿಲ್ಲ. ಶಾಸನದ ರಕ್ಷಣೆ ಇಲ್ಲವೆಂದಲ್ಲ. ಕಡಲತೀರದ ನಿಯಂತ್ರಣಕ್ಕಾಗಿ ಭಾರತ ಸರ್ಕಾರವು ೧೯೯೧ರಲ್ಲಿ ಮೊದಲ ಅಧಿಸೂಚನೆಯನ್ನು ಹೊರಡಿಸಿತು. ಅದರ ಬಳಿಕ ಬಂದ ೨೦೧೧ರ ಮತ್ತು ೨೦೧೯ರ ಅಧಿಸೂಚನೆಗಳು ಮರಳ ದಿಣ್ಣೆಗಳನ್ನೂ ಕಡಲಾಮೆಗಳು ಮೊಟ್ಟೆಯಿಡುವ ತಾಣಗಳನ್ನೂ ಅತಿ ಹೆಚ್ಚು ರಕ್ಷಣೆ ಬೇಕಾದ ವರ್ಗದಲ್ಲಿ ಸೇರಿಸಿವೆ. ಆದರೂ ಶಾಸನವು ದಂಡೆಯುದ್ದಕ್ಕೂ ಕಾವಲು ನಿಲ್ಲಲಾರದು. ಯಾರೂ ನೋಡದ ಹೊತ್ತಿನಲ್ಲಿ ಕಾಯುವುದು ಮನಸ್ಸೊಂದೇ.

ಈಗ ಕಡಲಂಚಿನಲ್ಲಿ ಮನೆಯುಳ್ಳ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ಅವನ ಬೇಲಿಗೂ ಕಡಲಿಗೂ ನಡುವೆ ಒಂದು ಪಟ್ಟಿ ಮರಳು; ಅದರ ಮೇಲೆ ಅಡುಂಬು ಬಳ್ಳಿ. ಆ ಪಟ್ಟಿ ಅವನ ಪತ್ರದಲ್ಲಿಲ್ಲ. ಬಳ್ಳಿಯನ್ನು ಸವರಿ ನಾಲ್ಕು ಕುರ್ಚಿ ಹಾಕಿಕೊಂಡರೆ ಬಂದುಹೋಗುವವರಿಂದ ದಿನಕ್ಕಿಷ್ಟು ಹಣ ಸಿಕ್ಕುತ್ತದೆ ಎಂದು ಯಾರೋ ಹೇಳುತ್ತಾರೆ. ಮಗಳ ಓದಿಗೆ ಹಣ ಬೇಕಾಗಿದೆ. ಇವನು ಸವರದಿದ್ದರೆ ನೆರೆಯವನು ಸವರುತ್ತಾನೆಂಬುದೂ ಗೊತ್ತಿದೆ. ಅವನು ದುಷ್ಟನಲ್ಲ, ದಿನವೂ ಪೂಜೆ ಮಾಡುವವನು, ಜಂಗಮರಿಗೆ ಉಣಬಡಿಸುವವನು. ಅವನೆದುರಿಗೆ ಇರುವುದು ಒಳಿತು ಕೆಡುಕುಗಳ ಸ್ಪಷ್ಟವಾದ ಆಯ್ಕೆಯಲ್ಲ; ಕಣ್ಣಿಗೆ ಕಾಣುವ ಒಂದು ಲಾಭ ಮತ್ತು ಯಾರ ಲೆಕ್ಕಕ್ಕೂ ಸೇರದ ಒಂದು ನಷ್ಟ. ಇಂತಹ ಮನುಷ್ಯನಿಗೆ ಶರಣರ ಮಾತು ಏನನ್ನು ಹೇಳೀತು?

ಶರಣರು ಮರಳ ದಿಣ್ಣೆಯನ್ನು ಕುರಿತು ಉಪದೇಶ ಮಾಡಲಿಲ್ಲ. ಆದರೆ ತನ್ನದಲ್ಲದುದರ ಮುಂದೆ ಹೇಗೆ ನಿಲ್ಲಬೇಕೆಂಬುದನ್ನು ಅವರಷ್ಟು ತೂಕವಾಗಿ ಆಲೋಚಿಸಿದವರು ವಿರಳ. ದಾರಿಯಲ್ಲಿ ಬಿದ್ದಿರುವ ಹೊನ್ನನ್ನಾಗಲಿ ಬಟ್ಟೆಯನ್ನಾಗಲಿ ಕೈಯಿಂದ ಎತ್ತಲಾರೆನೆಂದು ಸತ್ಯಕ್ಕ ಆಣೆಯಿಟ್ಟು ನುಡಿದಳು. ಒಡೆಯನು ಎದುರಿಗಿಲ್ಲ ಎಂದ ಮಾತ್ರಕ್ಕೆ ವಸ್ತುವು ತನ್ನದಾಗುವುದಿಲ್ಲವೆಂಬುದು ಅವಳ ನಿಲುವಿನ ತಿರುಳು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು; ಒಂದು ದಿನ ಎಂದಿನ ಅಳತೆಗಿಂತ ಹೆಚ್ಚು ತಂದಾಗ ಲಕ್ಕಮ್ಮ ಆ ಹೆಚ್ಚಳವನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬುದು ಎಲ್ಲರಿಗೂ ತಿಳಿದ ವೃತ್ತಾಂತ. ಬೇಕಾದುದಕ್ಕಿಂತ ಮಿಗಿಲಾಗಿ ತೆಗೆದುಕೊಂಡರೆ ದಾಸೋಹವೂ ಆಸೆಯ ವೇಷವಾಗುತ್ತದೆ ಎಂಬುದನ್ನು ಆ ತಾಯಿ ಬಲ್ಲಳು. ಸಕಲ ಜೀವಿಗಳ ಮೇಲಣ ಕರುಣೆಯಿಲ್ಲದ ಧರ್ಮವನ್ನು ಬಸವಣ್ಣನವರು ಧರ್ಮವೆಂದೇ ಎಣಿಸಲಿಲ್ಲ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಗೃಹಸ್ಥನ ಬೇಲಿಯಾಚೆಯ ಪಟ್ಟಿ ಬರಿಯ ಖಾಲಿ ಜಾಗವಾಗಿ ಉಳಿಯುವುದಿಲ್ಲ. ಅದು ಅವನದಲ್ಲ; ಅದಕ್ಕಾಗಿಯೇ ಅದು ಅವನ ಮುಂದೆ ಪ್ರಶ್ನೆಯಾಗಿ ನಿಲ್ಲುತ್ತದೆ.

ಅವನು ಬಳ್ಳಿಯನ್ನು ಕಾಯಲು ಮನಸ್ಸು ಮಾಡಿದನೆಂದೇ ಇಟ್ಟುಕೊಳ್ಳೋಣ. ಆಗ ಎರಡನೆಯ ತೊಡಕು ಎದುರಾಗುತ್ತದೆ. ಅವನಿಗೆ ಗೊತ್ತಿರುವ ಆರೈಕೆ ಅಂಗಳದ್ದು. ಅಂಗಳದ ಕ್ರಮದಿಂದ ಈ ಬಳ್ಳಿಯನ್ನು ಆರೈದರೆ ಅದು ಕೆಡುತ್ತದೆ. ಗೊಬ್ಬರ ಹಾಕಿ ನಿತ್ಯ ನೀರೆರೆದರೆ ಎಲೆ ಸೊಕ್ಕುತ್ತದೆ, ಹೂವು ಕಡಿಮೆಯಾಗುತ್ತದೆ, ಬೇರಿಗೆ ಕೊಳೆ ತಗಲುತ್ತದೆ. ಕರುಣೆಯಿಂದ ನೆರಳು ಕಟ್ಟಿದರೆ ಸೊರಗುತ್ತದೆ. ಕುಂಡದಲ್ಲಿಟ್ಟರೆ ಹತ್ತಾರು ಅಡಿ ಹರಿಯಬೇಕಾದ ಕಾಂಡ ಸುತ್ತಿಕೊಂಡು ನವೆಯುತ್ತದೆ. ಕೆಂಪು ಮಣ್ಣು ತಂದು ಸುರಿದರೆ ಕಳೆಗಿಡಗಳು ತುಂಬಿಕೊಂಡು ಬಳ್ಳಿಯನ್ನು ಅಮುಕುತ್ತವೆ. ಅಲೆ ತಂದು ಹಾಕಿದ ಕಡಲಪಾಚಿಯನ್ನು ಹೊಲಸೆಂದು ಗುಡಿಸಿದರೆ, ಬಡ ಮರಳಿಗೆ ಸಿಕ್ಕುತ್ತಿದ್ದ ಅಷ್ಟಿಷ್ಟು ಸಾರವೂ ತಪ್ಪಿಹೋಗುತ್ತದೆ. ಪ್ರೀತಿ ಇದ್ದ ಮಾತ್ರಕ್ಕೆ ಆರೈಕೆಯಾಗಲಿಲ್ಲ. ಯಾರನ್ನು ಆರೈಯಬೇಕೋ ಅವರ ಸ್ವಭಾವವನ್ನು ಅರಿಯದ ಪ್ರೀತಿ ತನ್ನ ಇಷ್ಟವನ್ನೇ ಇನ್ನೊಂದು ಜೀವದ ಮೇಲೆ ಹೇರುತ್ತದೆ. ಶರಣರು ಅರಿವಿಗೂ ಆಚಾರಕ್ಕೂ ಅಗಲಿಕೆ ಇರಬಾರದೆಂದು ಹೇಳಿದುದು ಪೂಜೆಯ ವಿಷಯಕ್ಕೆ ಮಾತ್ರ ಸಲ್ಲುವ ಮಾತಲ್ಲ.

ಆದುದರಿಂದ ಈ ಬಳ್ಳಿಯ ಆರೈಕೆಯ ಮೊದಲ ಅಂಗ ಮಾಡದಿರುವುದು. ತುಳಿಯದಿರುವುದು, ಎಳೆಯದಿರುವುದು, ಮರಳನ್ನು ತೆಗೆಯದಿರುವುದು, ವಾಹನ ಹರಿಸದಿರುವುದು, ಕಸವನ್ನು ಎಸೆಯದಿರುವುದು. ದಂಡೆಯನ್ನು ಶುಚಿಗೊಳಿಸಬೇಕಾದರೆ ಪ್ಲಾಸ್ಟಿಕ್ಕನ್ನೂ ಹರಿದ ಬಲೆಯ ಚೂರುಗಳನ್ನೂ ಕೈಯಿಂದ ಆರಿಸಿ ತೆಗೆಯಬೇಕಲ್ಲದೆ ಯಂತ್ರದಿಂದ ಕೆರೆದು ಹಾಕಬಾರದು. ನಡೆದಾಡುವುದಕ್ಕೆ ಒಂದೇ ಕಾಲುದಾರಿಯನ್ನು ಗೊತ್ತುಮಾಡಿಕೊಂಡು, ಎಲ್ಲರೂ ಅದರಲ್ಲಿಯೇ ಹೋಗುವಂತೆ ನಾಲ್ಕು ಗೂಟ ನೆಟ್ಟರೆ ಉಳಿದ ದಿಣ್ಣೆ ತಾನಾಗಿ ಹಸುರಾಗುತ್ತದೆ. ಇಷ್ಟು ಮಾಡಿದ ಕಡೆ ಅನೇಕ ವೇಳೆ ಮತ್ತೇನನ್ನೂ ನೆಡಬೇಕಾಗುವುದಿಲ್ಲ. ಹಿಂದೆ ಸರಿದು ನಿಲ್ಲುವುದೂ ಒಂದು ಕೆಲಸವೆಂಬುದು ಕೈಗೆ ಕೆಲಸ ಬೇಕೆನ್ನುವ ಮನಸ್ಸಿಗೆ ಸುಲಭವಾಗಿ ಹಿಡಿಸುವುದಿಲ್ಲ. ಆದರೆ ಅದು ಸೋಮಾರಿತನವಲ್ಲ. ಸೋಮಾರಿಯು ಹಿಂದೆ ಸರಿಯುವುದು ತನ್ನ ಸುಖಕ್ಕಾಗಿ, ಆರೈಯುವವನು ಸರಿಯುವುದು ಬಳ್ಳಿಯ ಸುಖಕ್ಕಾಗಿ. ಆರೈಯುವವನು ಸರಿದ ಮೇಲೂ ಕಣ್ಣಿಟ್ಟಿರುತ್ತಾನೆ.

ದಂಡೆ ಪೂರ್ತಿ ಬೋಳಾಗಿದ್ದಲ್ಲಿ ಮಾತ್ರ ಕೈಯ ಕೆಲಸ ಬರುತ್ತದೆ. ಅದಕ್ಕೆ ಎರಡು ಮಾರ್ಗಗಳುಂಟು. ಮೊದಲನೆಯದು ಕಾಂಡದ ತುಂಡು. ಅದೇ ತೀರದ, ಸೊಂಪಾಗಿ ಬೆಳೆದ ಬಳ್ಳಿಗಳಿಂದ ಒಂದೊಂದು ಮೊಳದಷ್ಟು ಉದ್ದದ, ನಾಲ್ಕೈದು ಗೆಣ್ಣುಗಳುಳ್ಳ ತುಂಡುಗಳನ್ನು ಕೊಯ್ದು, ಎರಡು ಮೂರು ಗೆಣ್ಣು ಹಸಿ ಮರಳಿನೊಳಗೆ ಇರುವಂತೆ ಓರೆಯಾಗಿ ಹೂಳಿ ತುದಿಯನ್ನು ಹೊರಗೆ ಬಿಡಬೇಕು. ಜೂನ್, ಜುಲೈ ತಿಂಗಳ ಕಡಲು ದಂಡೆಯನ್ನೇ ಕಿತ್ತೊಯ್ಯುವುದರಿಂದ, ಅಲೆಯ ಅಬ್ಬರ ಇಳಿದು ಮಳೆಯಿನ್ನೂ ಉಳಿದಿರುವ ಶ್ರಾವಣ–ಭಾದ್ರಪದಗಳು ಇದಕ್ಕೆ ಅನುಕೂಲ. ಭರತದ ಗೆರೆಗಿಂತ ಮೇಲೆಯೇ ನೆಡಬೇಕು. ಬೇರು ಹಿಡಿಯುವವರೆಗೆ, ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಸಿಹಿನೀರು ಚಿಮುಕಿಸಿದರೆ ಸಾಕು. ಆಮೇಲೆ ನೀರಿನ ಹಂಗು ಬೇಕಿಲ್ಲ. ಎರಡನೆಯ ಮಾರ್ಗ ಬೀಜ. ಒಣಗಿದ ಕಾಯಿಯಿಂದ ತೆಗೆದ ಬೀಜವನ್ನು ಹಾಗೆಯೇ ಬಿತ್ತಿದರೆ ಗಟ್ಟಿ ಸಿಪ್ಪೆಯ ದೆಸೆಯಿಂದ ಬಹಳ ಕಾಲ ಸುಮ್ಮನಿದ್ದುಬಿಡುತ್ತದೆ. ಪ್ರಕೃತಿಯಲ್ಲಿ ಮರಳಿನ ಉಜ್ಜಾಟವೇ ಆ ಸಿಪ್ಪೆಯನ್ನು ಸವೆಸುತ್ತದೆ. ಮನೆಯಲ್ಲಿ, ಬೀಜದ ಕಣ್ಣಿಗೆ ಎದುರಾದ ಬದಿಯನ್ನು ಅರದಿಂದಲೋ ಒರಟು ಕಲ್ಲಿನಿಂದಲೋ ತುಸು ಉಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಯಿಟ್ಟು, ಉಬ್ಬಿದ ಬೀಜವನ್ನು ಬೆರಳ ಗೆಣ್ಣಿನಷ್ಟು ಆಳಕ್ಕೆ ಮರಳಿನಲ್ಲಿ ಊರಬೇಕು.

ಇಲ್ಲಿಯೂ ಲಕ್ಕಮ್ಮನ ಅಳತೆ ಮರೆಯತಕ್ಕದ್ದಲ್ಲ. ಒಂದು ಬಳ್ಳಿಯಿಂದ ಒಂದೆರಡು ತುಂಡು ಮಾತ್ರ. ಬೇರು ಸಹಿತ ಕೀಳುವುದು ಸಲ್ಲದು. ಒಂದು ದಂಡೆಯನ್ನು ಹಸುರು ಮಾಡುವುದಕ್ಕೆ ಇನ್ನೊಂದು ದಂಡೆಯನ್ನು ಬೋಳು ಮಾಡಿದರೆ ಪುಣ್ಯಪಾಪಗಳ ಲೆಕ್ಕ ಸರಿಯಾಗಿ ಸೊನ್ನೆಗೆ ಬಂದು ನಿಲ್ಲುತ್ತದೆ. ದೂರದ ತೀರದಿಂದ ತರುವುದಕ್ಕಿಂತ ಅದೇ ತೀರದ ಬಳ್ಳಿಯನ್ನು ಅದೇ ತೀರಕ್ಕೆ ಹರಡುವುದು ಲೇಸು. ಈ ನೆಲ ರಕ್ಷಿತ ನೆಲವಾದುದರಿಂದ ತುಂಡು ಕೊಯ್ಯುವ ಮೊದಲು ಅರಣ್ಯ ಇಲಾಖೆಯವರನ್ನೂ ಪಂಚಾಯತಿಯವರನ್ನೂ ಕೇಳಿಕೊಳ್ಳುವುದು ಯುಕ್ತ. ಒಳ್ಳೆಯ ಕೆಲಸಕ್ಕೆ ಅಪ್ಪಣೆ ಏಕೆಂಬ ಪ್ರಶ್ನೆಯಲ್ಲಿ ಆಗಲೇ ಒಂದಿಷ್ಟು ಅಹಂಕಾರ ಮೊಳೆತಿರುತ್ತದೆ.

ಈ ವಿಚಾರಕ್ಕೆ ಆಕ್ಷೇಪಗಳಿಲ್ಲದಿಲ್ಲ. ಅವುಗಳನ್ನು ಮರೆಮಾಚುವುದು ಸತ್ಯಶುದ್ಧವಾದ ಕ್ರಮವಲ್ಲ. ಕಡಲನ್ನೇ ನಂಬಿದ ಮೀನುಗಾರನಿಗೆ ದೋಣಿಯನ್ನು ಎಳೆಯಲು, ಬಲೆಯನ್ನು ಹರವಲು ಜಾಗ ಬೇಕು. ಹೂವಿನ ಹೆಸರಿನಲ್ಲಿ ಬಡವನ ಅನ್ನಕ್ಕೆ ಕಲ್ಲು ಹಾಕುವುದು ದಯೆಯೆ? ಅಲ್ಲ. ಬಡವನ ಬೆವರನ್ನು ಕಾಣದ ಕರುಣೆಯನ್ನು ಶರಣರು ಒಪ್ಪುತ್ತಿರಲಿಲ್ಲ. ಆದರೆ ವಾಸ್ತವವಾಗಿ ನೋಡಿದರೆ ದೋಣಿಯ ದಾರಿಗೆ ಬೇಕಾದುದು ದಂಡೆಯ ಒಂದು ತುಂಡು ಮಾತ್ರ. ಉಳಿದ ದಿಣ್ಣೆ ನಿಂತಿದ್ದರೆ ಮೊದಲು ಉಳಿಯುವುದು ಕಡಲಿಗೆ ಅತಿ ಸಮೀಪದಲ್ಲಿರುವ ಮೀನುಗಾರನ ಮನೆಯೇ. ಬಳ್ಳಿಗೆ ನಿಜವಾದ ಶತ್ರು ಅವನ ದೋಣಿಯಲ್ಲ. ಎಲ್ಲಿಂದಲೋ ಬಂದು, ಒಂದು ಸಂಜೆಯ ವಿನೋದಕ್ಕಾಗಿ ಇಡೀ ದಂಡೆಯನ್ನು ಉತ್ತುಹೋಗುವ ಚಕ್ರ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಇಷ್ಟೆಲ್ಲ ಮಾಡಿದರೂ ಒಂದು ಮಳೆಗಾಲದ ಕಡಲು ಎಲ್ಲವನ್ನೂ ಒಯ್ಯಬಹುದಲ್ಲ; ಅದಕ್ಕಿಂತ ಕಲ್ಲಿನ ತಡೆಗೋಡೆ ಭದ್ರವಲ್ಲವೆ? ಅಡುಂಬು ಬಳ್ಳಿಯೊಂದರಿಂದಲೇ ಕಡಲ್ಕೊರೆತ ನಿಂತುಹೋಗುತ್ತದೆಂದು ಹೇಳುವುದು ಅತಿಶಯೋಕ್ತಿ. ನದಿಗಳಿಂದ ಬರುವ ಮರಳು ಕಡಿಮೆಯಾದಲ್ಲಿ, ಬಂದರಿನ ಕಟ್ಟಡಗಳು ಕಡಲ ಸೆಳೆತದ ದಿಕ್ಕನ್ನು ಬದಲಿಸಿದಲ್ಲಿ, ಬಳ್ಳಿಯು ಅಸಹಾಯಕವಾದುದೇ ಸರಿ. ಉಳ್ಳಾಲದಲ್ಲಿ, ಮರವಂತೆಯಲ್ಲಿ ಕಲ್ಲು ಸುರಿಯಬೇಕಾಗಿ ಬಂದ ಜನರ ಕಷ್ಟವನ್ನು ಹಗುರವಾಗಿ ಕಾಣಲಾಗದು. ಆದರೆ ಕಲ್ಲಿನ ಗೋಡೆಗೂ ತನ್ನದೇ ದೋಷವುಂಟು. ಗೋಡೆಗೆ ಬಡಿದ ಅಲೆ ತನ್ನ ಬಲವನ್ನು ಕಳೆದುಕೊಳ್ಳದೆ ಹಿಂದಿರುಗಿ, ಮುಂದಿನ ಮರಳನ್ನು ತೋಡುತ್ತದೆ. ಗೋಡೆ ಮುಗಿದಲ್ಲಿ ಪಕ್ಕದವರ ದಂಡೆಯನ್ನು ಕೊರೆಯುತ್ತದೆ. ದಿಣ್ಣೆಯಾದರೋ ಅಲೆಗೆ ತಲೆಬಾಗಿ, ತನ್ನನ್ನು ಕೊಟ್ಟು, ಮತ್ತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಸ್ಥಾವರ ಜಂಗಮಗಳ ಭೇದವನ್ನು ಬಸವಣ್ಣನವರಿಂದ ಕೇಳಿ ತಿಳಿದವರಿಗೆ ಈ ನೋಟ ತೀರ ಅಪರಿಚಿತವೆನಿಸದು. ಇನ್ನು ಕಡಲು ಒಯ್ಯಬಹುದೆಂಬ ಭಯವೊಂದು ಉಳಿಯಿತು. ಒಯ್ದರೆ ಮತ್ತೆ ನೆಡುವುದು. ಕಾಯಕದ ಬೆಲೆಯನ್ನು ಅದರ ಫಲ ಎಷ್ಟು ಕಾಲ ಬಾಳಿತೆಂಬುದರಿಂದ ಅಳೆಯುವುದಾದರೆ ದಿನದಿನವೂ ಉಂಡು ಮುಗಿಯುವ ದಾಸೋಹದ ಅನ್ನಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಮೂರನೆಯದು ಆಕ್ಷೇಪವಲ್ಲ, ಭಕ್ತರ ಮನಸ್ಸಿನ ಒಂದು ಅಳುಕು. ಪೂಜೆಗೆ ಬಾರದ ಹೂವಿಗಾಗಿ ಪಡುವ ಶ್ರಮ ಲಿಂಗಕ್ಕೆ ಸಲ್ಲುವುದೆ? ಕೊಯ್ದ ಹೂವಿಗಿಂತ ಭಾವದ ಹೂವು ಹಿರಿದೆಂಬುದು ಶರಣರ ಮಾರ್ಗದಲ್ಲಿ ನಡೆದವರಿಗೆ ಹೊಸ ಮಾತಲ್ಲ. ಅಕ್ಕಮಹಾದೇವಿ ತನ್ನ ದೇವರನ್ನು ಕಾಣಲು ವನಕ್ಕೆ ಹೋದವಳು. ಗಿಳಿ, ದುಂಬಿ, ಕೋಗಿಲೆಗಳನ್ನು ಮಾತನಾಡಿಸಿ ಅವನ ಸುಳಿವನ್ನು ಕೇಳಿದವಳು. ವನದ ಜೀವಗಳು ಅವಳ ಪಾಲಿಗೆ ಪೂಜೆಯ ಸಾಮಗ್ರಿಗಳಾಗಿರಲಿಲ್ಲ, ಜೊತೆಗೆ ಹುಡುಕಬಲ್ಲ ಒಡನಾಡಿಗಳಾಗಿದ್ದವು. ಆ ದೃಷ್ಟಿಯಿಂದ ನೋಡಿದರೆ ಮರಳ ಮೇಲೆ ಮುಂಜಾನೆ ಅರಳಿ ಮಧ್ಯಾಹ್ನ ಬಾಡುವ ಹೂವು ಇದ್ದಲ್ಲಿಯೇ ಅರ್ಪಿತವಾದುದು. ಅದನ್ನು ಕೊಯ್ದು ತಂದು ಇನ್ನೊಮ್ಮೆ ಅರ್ಪಿಸಬೇಕಾದ ಕೊರತೆ ಅದರಲ್ಲಿಲ್ಲ. ಕೊಯ್ಯದೆ ಬಿಟ್ಟವನ ಸಂಯಮವೇ ಅಲ್ಲಿ ಅವನು ಸಲ್ಲಿಸಬಹುದಾದ ಪೂಜೆ.

ಇಷ್ಟು ದೂರ ಬಂದ ಮೇಲೂ ಕಟ್ಟಕಡೆಗೆ ಒಂದು ಅಪಾಯ ಉಳಿಯುತ್ತದೆ, ಅದೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಗೃಹಸ್ಥನು ಕುರ್ಚಿಯ ಹಣವನ್ನು ಬಿಟ್ಟ, ಬಳ್ಳಿಯ ಸ್ವಭಾವವನ್ನು ಅರಿತ, ಬೋಳಾದ ಕಡೆಯಲ್ಲಿ ತುಂಡು ನೆಟ್ಟ. ಈಗ ಅವನೊಳಗೆ, ಇದು ನಾನು ಉಳಿಸಿದ ದಂಡೆ, ನಾನು ನೆಟ್ಟ ಬಳ್ಳಿ ಎಂಬ ಮಾತು ತಲೆಯೆತ್ತುತ್ತದೆ. ಹೆಸರು ಬರೆದ ಫಲಕವೊಂದನ್ನು ನೆಡುವ ಆಸೆಯಾಗುತ್ತದೆ. ಹೊಲದಿಂದ, ಹೊನ್ನಿನಿಂದ ಹೊರಹಾಕಿದ 'ನನ್ನದು' ಎಂಬ ಭಾವ ಸೇವೆಯ ಬಾಗಿಲಿನಿಂದ ಒಳಗೆ ಬರುತ್ತದೆ. ಮಾಡಿದೆನೆಂಬ ನೆನಪು ಮನಸ್ಸಿನಲ್ಲಿ ಉಳಿದರೆ ಮಾಡಿದ ಸೇವೆಯೇ ಕಾಡಾಟವಾಗುತ್ತದೆಂದು ಶರಣರು ಮತ್ತೆ ಮತ್ತೆ ಎಚ್ಚರಿಸಿದುದು ಈ ಬಾಗಿಲನ್ನು ಕಂಡೇ.

ಈ ರೋಗಕ್ಕೆ ಔಷಧವನ್ನೂ ಆ ಬಳ್ಳಿಯೇ ಒದಗಿಸುವುದು ಒಂದು ವಿಶೇಷ. ನೆಟ್ಟ ತುಂಡು ಬೇರೂರಿ ಹರಿದು, ಮಗ್ಗುಲಿನ ಬಳ್ಳಿಯೊಡನೆ ಹೆಣೆದುಕೊಂಡು, ಎರಡು ಮೂರು ವರ್ಷಗಳಲ್ಲಿ ಮರಳಿನಡಿ ಹೂತು ಮತ್ತೆ ಎದ್ದ ಮೇಲೆ, ಮನುಷ್ಯ ನೆಟ್ಟುದು ಯಾವುದು, ತಾನಾಗಿ ಬಂದುದು ಯಾವುದು ಎಂದು ನೆಟ್ಟವನಿಗೂ ತಿಳಿಯುವುದಿಲ್ಲ. ಅಂಗಳದ ಮಲ್ಲಿಗೆ ಹೂಬಿಟ್ಟಷ್ಟು ಕಾಲವೂ ಯಜಮಾನನ ಹೆಸರು ಹೇಳುತ್ತದೆ. ಕಡಲಂಚಿನ ಬಳ್ಳಿ ಚೆನ್ನಾಗಿ ಬೆಳೆದಷ್ಟೂ ನೆಟ್ಟವನ ಹೆಸರನ್ನು ಅಳಿಸುತ್ತದೆ. ಕೆಲಸ ಸಫಲವಾದುದಕ್ಕೆ ಗುರುತೇ ಕೆಲಸ ಮಾಡಿದವನು ಕಾಣದಂತಾಗುವುದು. ಮೊದಲಿಗೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ತನ್ನದಲ್ಲದುದಕ್ಕೆ ಗೃಹಸ್ಥನು ಸಲ್ಲಿಸಬೇಕಾದುದು ನಿಶ್ಚಯವಾಗಿ ಉಂಟು. ಅದು ತನ್ನದಾಗಿ ಮಾಡಿಕೊಂಡು ಪ್ರೀತಿಸುವುದಲ್ಲ. ತನ್ನದಾಗದಂತೆ ಉಳಿಸಿ ಪ್ರೀತಿಸುವುದು.

ಕರಾವಳಿಯಿಂದ ದೂರವಿರುವ ಸದ್ಭಕ್ತರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ಎಣಿಸಬೇಕಾಗಿಲ್ಲ. ಕೆರೆಯ ಏರಿಯ ಹುಲ್ಲು, ಹೊಲದ ಬದುವಿನ ತುಂಬೆ, ಹಳ್ಳದ ದಂಡೆಯ ಲಕ್ಕಿಗಿಡ, ಗೋಮಾಳದ ಅಂಚಿನ ತಂಗಡಿ—ಯಾರೂ ನೆಡದೆ ಬೆಳೆದು, ಮಣ್ಣನ್ನೋ ನೀರನ್ನೋ ಹಿಡಿದು ನಿಂತಿರುವ ಇಂತಹ ಒಂದು ಜೀವ ಪ್ರತಿಯೊಂದು ಊರಿನಲ್ಲಿಯೂ ಇದೆ. ಅದನ್ನು ಗುರುತಿಸಿ, ಅದರ ಸ್ವಭಾವವೇನೆಂದು ವಿಚಾರಿಸಿ, ತೆಗೆದುಕೊಳ್ಳಬೇಕಾದಾಗ ಅಳತೆಯಿಂದ ತೆಗೆದುಕೊಂಡು, ಉಳಿದ ಕಾಲದಲ್ಲಿ ಅದರ ದಾರಿಗೆ ಅಡ್ಡ ನಿಲ್ಲದಿರುವುದು ಗೃಹಸ್ಥಾಶ್ರಮದಲ್ಲಿ ಇದ್ದುಕೊಂಡೇ ಸಾಧಿಸಬಹುದಾದ ವ್ರತ. ಮಕ್ಕಳನ್ನು ಕಡಲಿಗೆ ಕರೆದುಕೊಂಡು ಹೋದ ತಂದೆತಾಯಿಗಳು, ಮರಳ ಮೇಲಿನ ಆ ನೇರಳೆ ಹೂವನ್ನು ಕಿತ್ತುಕೊಡದೆ, ಬಾಗಿ ತೋರಿಸಿ, ದಾರಿ ಬಿಟ್ಟು ನಡೆದರೆ ಅಷ್ಟರ ಮಟ್ಟಿಗೆ ಶರಣರ ನುಡಿ ನಡೆಯಾಯಿತು.